ಬರಗಾಲದಾಗ ಮನೆ ಕೊಳ್ಳುವ ಮುಂಚೆ
(ಸ್ವ-ಸಹಾಯ ಸಂಘಗಳ ಸದಸ್ಯರ ತರಬೇತಿಯಲ್ಲಿ ಮಾಡಿದ ಭಾಷಣ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯಿಂದ ಬಂದಿದ್ದೀರಿ. ಇಂದಿನ ವಿಷಯ ಮನೆ ಖರೀದಿ. "ಕಾಲ ಕೆಟ್ಟೈತಿ, ಮನಿ ಸೋವಿಗೆ ಸಿಗತಾವ, ಈಗ ಹಿಡದ್ರ ಲಾಭ" ಎಂಬ ಮಾತನ್ನು ಸಂಘದ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ಇವತ್ತು ವಿಚಾರ ಮಾಡೋಣ.

ನಮ್ಮ ಭಾಗಕ್ಕೆ ಕೆಟ್ಟ ಕಾಲ ಹೊಸದಲ್ಲ. 2008ರಲ್ಲಿ ಜಗತ್ತಿನಲ್ಲೆಲ್ಲ ಆರ್ಥಿಕ ಹಿಂಜರಿತ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಲಾರಿಯವರು, ಕೂಲಿಯವರು ಕೆಲಸ ಕಳಕೊಂಡರು. 2020ರ ಲಾಕ್‌ಡೌನ್‌ನಲ್ಲಿ ಗುಳೆ ಹೋದವರು ಬರಿಗೈಯಲ್ಲಿ ಊರಿಗೆ ಬಂದರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ ಗಂಗಾವತಿ ಕಡೆಯ ಭತ್ತದ ರೈತರ ಎದೆ ಝಲ್ಲೆಂದಿತು. ಇಂಥ ಹೊತ್ತಿನಲ್ಲಿ ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ. ಬೆಲೆ ಇಳಿಯುವುದು ಸಹಜ. ಆದರೆ ನೆನಪಿರಲಿ, ಮಾರುವವನ ಕೈ ಕಟ್ಟಿದ ಬರಗಾಲ ನಮ್ಮ ಮನೆಯ ಗಳಿಕೆಯನ್ನೂ ಬಿಡುವುದಿಲ್ಲ. ಅದಕ್ಕೆ ಜಾಣರು ಮೊದಲು ಮನೆಯ ಬೆಲೆ ಕೇಳುವುದಿಲ್ಲ, ತಮ್ಮ ಕೈ ನೋಡಿಕೊಳ್ಳುತ್ತಾರೆ.

ಕೈ ನೋಡಿಕೊಳ್ಳುವುದು ಹೇಗೆ? ಒಳ್ಳೆಯ ವರ್ಷದ ಗಳಿಕೆಯನ್ನು ಲೆಕ್ಕಕ್ಕೆ ಹಿಡೀಬ್ಯಾಡ್ರಿ. ಮಳೆ ಕೈಕೊಟ್ಟ ವರ್ಷ ಮನೆಗೆ ಎಷ್ಟು ಬಂತು, ಅದನ್ನು ಹಿಡೀರಿ. ಅದರಲ್ಲಿ ಊಟ, ಮಕ್ಕಳ ಫೀಸು, ಔಷಧ, ಸಂಘದ ಕಂತು ತೆಗೆದು ಏನು ಉಳಿಯುತ್ತದೋ ಅಷ್ಟೇ ನಮ್ಮ ತಾಕತ್ತು. ಒಂದು ಲೆಕ್ಕ ಕೇಳ್ರಿ. ಬ್ಯಾಂಕಿನಲ್ಲಿ 5 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 9ರ ಬಡ್ಡಿ, 15 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 5,070 ರೂಪಾಯಿ. ಅದೇ 5 ಲಕ್ಷವನ್ನು ಊರಾಗ ಎರಡು ರೂಪಾಯಿ ಬಡ್ಡಿಗೆ ತಂದರೆ ಬಡ್ಡಿಯೊಂದೇ ತಿಂಗಳಿಗೆ 10,000 ರೂಪಾಯಿ. ಅಸಲು ಹಾಗೇ ಕುಂತಿರುತ್ತದೆ. ಬೆಲೆಯಲ್ಲಿ 50 ಸಾವಿರ ಇಳಿಸಿಕೊಂಡೆವು ಎಂದು ಹಿಗ್ಗಿ ಬಡ್ಡಿಯವರ ಬಾಗಿಲಿಗೆ ಹೋದರೆ ಆ ಉಳಿತಾಯ ಐದೇ ತಿಂಗಳಿಗೆ ಕರಗುತ್ತದೆ.

ಎರಡನೆಯದು, ಖರ್ಚನ್ನೆಲ್ಲ ಕೂಡಿಸಿ ನೋಡಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. 10 ಲಕ್ಷದ ಮನೆಗೆ ಇವೆಲ್ಲ ಸೇರಿ ಸುಮಾರು 76 ಸಾವಿರ ಬೇಕು. ಸರ್ಕಾರಿ ಮಾರ್ಗಸೂಚಿ ಬೆಲೆ ನಮ್ಮ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆಯೇ ಶುಲ್ಕ ಕಟ್ಟಬೇಕು. ಮಾಳಿಗೆ ಸೋರುತ್ತದೆಯೇ, ಗೋಡೆ ಬಿರುಕು ಬಿಟ್ಟಿದೆಯೇ ನೋಡಿ, ಗೌಂಡಿಯವರನ್ನು ಕರಕೊಂಡು ಹೋಗಿ ರಿಪೇರಿ ಖರ್ಚು ಕೇಳ್ರಿ. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಓಣಿಯ ಹೆಣ್ಣುಮಕ್ಕಳನ್ನೇ ಕೇಳ್ರಿ.

ಮೂರನೆಯದು ಕಾಗದಪತ್ರ. ಅವಸರದಲ್ಲಿ ಮಾರುವ ಮನೆಗೆ ಸಾಲದ ಹೊರೆ ಇರಬಹುದು. ಆದ್ದರಿಂದ ಸಂಚಕಾರ ಕೊಡುವ ಮೊದಲೇ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿರಿ. ಬ್ಯಾಂಕು, ಸೊಸೈಟಿಯಲ್ಲಿ ಬಾಕಿ ಇದೆಯೇ ವಿಚಾರಿಸಿರಿ. ಹಳ್ಳಿಯ ಮನೆಯಾದರೆ ಇ-ಸ್ವತ್ತು ಉತಾರ, ಪಟ್ಟಣದಲ್ಲಾದರೆ ಇ-ಖಾತೆ ನೋಡಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಅವರ ಸಹಿಯೂ ಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಆಶ್ರಯ ಮನೆಗಳಿಗೂ ಷರತ್ತುಗಳಿರುತ್ತವೆ, ಪಂಚಾಯ್ತಿಯಲ್ಲಿ ಕೇಳಿಕೊಳ್ಳಿರಿ. "ಬಾಂಡಿನ ಮ್ಯಾಲೆ ಬರದ್ರ ಸಾಕು" ಅನ್ನುವವರ ಮಾತು ಕೇಳಬ್ಯಾಡ್ರಿ. ನೋಂದಣಿ ಆಗದೆ ಮನೆ ನಮ್ಮದಾಗುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಅದೇ ನಿಮ್ಮ ಸಾಕ್ಷಿ.

ಇಷ್ಟು ತಿಳಿದ ಮೇಲೆ ಬೆಲೆ ಹೇಳಬೇಕು. ಅದೇ ಓಣಿಯಲ್ಲಿ ಈಚೆಗೆ ಮಾರಾಟವಾದ ಎರಡು ಮೂರು ಮನೆಗಳ ಬೆಲೆ ತಿಳಿದುಕೊಳ್ಳಿರಿ. ರಿಪೇರಿ ಖರ್ಚು ಕಳೆಯಿರಿ. ಬಂದ ಮೊತ್ತವನ್ನು ಕಾರಣ ಸಮೇತ ಹೇಳಿರಿ: "ನೋಡ್ರಿ ಯಜಮಾನ್ರ, ಮಾಳಿಗಿ ರಿಪೇರಿಗೆ ಇಷ್ಟು ಬೇಕು, ಅದಕ್ಕ ನಾವು ಇಷ್ಟು ಕೊಡತೀವಿ, ಬ್ಯಾಂಕಿನಾಗ ಸಾಲ ಮಂಜೂರಾಗೈತಿ, ಎರಡು ತಿಂಗಳದಾಗ ನೋಂದಣಿ ಮಾಡಸೂಣು." ಹಣ ಸಿದ್ಧವಿದೆ, ತಾರೀಖು ಖಚಿತವಿದೆ ಎಂದರೆ ಮಾರುವವರಿಗೂ ಧೈರ್ಯ. ಸ್ವಲ್ಪ ಕಡಿಮೆಗೂ ಅವರು ಒಪ್ಪಬಹುದು. ಸಂಚಕಾರದ ಕರಾರಿನಲ್ಲಿ ಸಾಲ ಮಂಜೂರಾಗದಿದ್ದರೆ, ಕಾಗದ ಸರಿ ಇಲ್ಲದಿದ್ದರೆ ಹಣ ವಾಪಸ್ಸು ಎಂದು ಬರೆಸಿರಿ. ನಮ್ಮ ತಾಕತ್ತು ಮೀರಿದರೆ ಕೈಮುಗಿದು ಎದ್ದು ಬರುವ ಗಟ್ಟಿತನವೂ ಬೇಕು.

ಇನ್ನೊಂದು ಮಾತು, ಇದೇ ದೊಡ್ಡದು. ಮಾರುವವರು ಯಾರು? ಮಗಳ ಮದುವೆಗೆ, ಆಸ್ಪತ್ರೆಗೆ, ಮೈಕ್ರೋ ಫೈನಾನ್ಸಿನ ಕಂತಿಗೆ ಸೋತು ಮನೆ ಮಾರುವ ನೆರೆಯವರು. ಇವತ್ತು ಅವರು, ನಾಳೆ ನಾವು. ಬೈಬಲ್ಲಿನ ಯಾಜಕಕಾಂಡ 25ನೇ ಅಧ್ಯಾಯ ಭೂಮಿ ಮಾರುವಾಗ, ಕೊಳ್ಳುವಾಗ ಒಬ್ಬರಿಗೊಬ್ಬರು ಅನ್ಯಾಯ ಮಾಡಬಾರದೆಂದು ತಿಳಿಸುತ್ತದೆ. ನ್ಯಾಯವಾಗಿ ಚೌಕಾಸಿ ಮಾಡುವುದು ತಪ್ಪಲ್ಲ. ಆದರೆ ಆಸ್ಪತ್ರೆಯ ಬಿಲ್ಲಿನ ಗಡುವು ತಿಳಿದುಕೊಂಡು ಕೊನೆಯ ದಿನದವರೆಗೂ ಕಾದು ಅರ್ಧ ಬೆಲೆಗೆ ಕೇಳುವುದು ಜಾಣತನವಲ್ಲ, ಸುಲಿಗೆ. ಸುಗ್ಗಿ ಮುಗಿಯುವವರೆಗೆ ಅವರು ಆ ಮನೆಯಲ್ಲಿ ಇರಲಿ ಎಂದು ಕರಾರಿನಲ್ಲಿ ಬರೆದರೆ ನಮಗೇನೂ ನಷ್ಟವಿಲ್ಲ, ಅವರಿಗೆ ದೊಡ್ಡ ಉಪಕಾರ.

ಹಾಗೆಯೇ ನಮ್ಮಲ್ಲೇ ಯಾರಿಗಾದರೂ ಮನೆ ಮಾರುವ ಪ್ರಸಂಗ ಬಂದರೆ ಮುಚ್ಚಿಟ್ಟುಕೊಂಡು ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟುಬಿಡಬ್ಯಾಡ್ರಿ. ಮೊದಲು ಸಂಘದಲ್ಲಿ ಹೇಳಿರಿ. ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಲು ಕೇಳೋಣ, ಸಂಘದ ಉಳಿತಾಯದಿಂದ ಆಗುವಷ್ಟು ನೋಡೋಣ. ಮಾರಲೇಬೇಕಾದರೂ ನಾಲ್ಕು ಜನ ಕೂತು ಬೆಲೆ ಕಟ್ಟಿದರೆ ಮೋಸ ಕಡಿಮೆ.

ನೋಂದಣಿಯಾದ ಮರುದಿನ ಕೊಂಡವರು, ಮಾರಿದವರು ಸಂತೆಯಲ್ಲಿ ಎದುರಾದಾಗ ಮುಖ ತಿರುಗಿಸದೆ ಮಾತಾಡುವಂತಿರಬೇಕು. ಮಳೆ ಬಾರದ ವರ್ಷವೂ ಕಂತು ಕಟ್ಟುವಂತಿರಬೇಕು. ಈ ಎರಡೂ ಕೂಡಿದ ಬೆಲೆಯೇ ಸರಿಯಾದ ಬೆಲೆ. ನಿಮ್ಮೆಲ್ಲರಿಗೂ ದೇವರು ಒಳ್ಳೆಯದು ಮಾಡಲಿ.