ಹಗುರಾದ ದೇವರು

ಜಪಾನಿನ ಕಲೆ ಅಂದಕೂಡಲೇ ಬಹಳ ಮಂದಿ ಬೀಸಣಿಗೆ, ಕಿಮೊನೊ, ಕಾಗದ ಮಡಚಿ ಮಾಡಿದ ಕೊಕ್ಕರೆ ಅಂತಾರೆ. ನನಗೆ ಮೊದಲು ನೆನಪಾಗೋದು ಅರಿವೆ, ಕಟ್ಟಿಗೆ ಹೊಟ್ಟು, ಅಂಟು. ಹಾಗಾಗಿ ಇವುಗಳಿಂದಲೇ ಗೊಂಬೆ ಮಾಡುವ, ಕೊಪ್ಪಳದ ಮಗ್ಗುಲಿನ ಕಿನ್ನಾಳದಿಂದಲೇ ಹೊರಡೋಣ.

ಕಿನ್ನಾಳದ ಗೊಂಬೆ ಬರೀ ಕೆತ್ತನೆಯ ಕೆಲಸ ಅಲ್ಲ. ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಮಾಡಿ ಜೋಡಿಸುತ್ತಾರೆ. ಗೋಣಿನಾರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಬೆರೆಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಯಿತು. ಸಂದು ಮುಚ್ಚೋದೂ ಅದರಿಂದಲೇ, ಮೈತುಂಬ ಹಚ್ಚೋದೂ ಅದನ್ನೇ. ಅದರ ಮೇಲೆ ಹತ್ತಿ ಅರಿವೆಯ ತುಣುಕು, ಮತ್ತೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ದೇವಿಯ ಕೊರಳ ಸರ ಉಬ್ಬಿ ಕಾಣುತ್ತದಲ್ಲ, ಅದು ಕೆತ್ತಿದ್ದಲ್ಲ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮೈಮೇಲೆ ಎಳೆದದ್ದು.

ಈಗ ಜಪಾನಿನ ನಾರಾ ಪಟ್ಟಣ. 733ರಲ್ಲಿ ರಾಣಿ ಕೋಮ್ಯೋಳ ತಾಯಿ ತೀರಿಕೊಂಡಳು. ಮರುವರ್ಷ ಆಕೆಯ ನೆನಪಿಗೆ ಕೋಫುಕುಜಿ ಎಂಬ ಬೌದ್ಧ ಮಠದಲ್ಲಿ ಒಂದು ಗುಡಿ ಎದ್ದಿತು. ಒಳಗಿನ ಮೂರ್ತಿಗಳಲ್ಲಿ ಒಬ್ಬ ಅಶುರ. ನಮ್ಮ ಅಸುರನೇ, ಚೀನಾ ದಾಟಿ ಹೋದವನು! ಮೂರು ಮುಖ, ಆರು ಕೈ. ಅಸುರ ಅಂದರೆ ಕೋರೆಹಲ್ಲು, ಗಿರಿಜಾ ಮೀಸೆ ಅಲ್ಲವೇ? ಇವನದು ಹುಬ್ಬು ಗಂಟಿಕ್ಕಿದ ಎಳೆ ಹುಡುಗನ ಮುಖ. ತೋಳು ಕಡ್ಡಿಯ ಹಾಗೆ. ಏನೋ ತಪ್ಪಿನ ಅರಿವಾಗಿ ಅಳು ನುಂಗಿಕೊಂಡವನಂತೆ ಕೈ ಮುಗಿದು ನಿಂತಿದ್ದಾನೆ.

ಇವನನ್ನು ಮಾಡಿದ್ದು ಹೇಗೆ ಗೊತ್ತೇ? ಮಣ್ಣಿನ ಆಕಾರಕ್ಕೆ ಸೆಣಬಿನ ಅರಿವೆಯನ್ನು ಮರದ ಹಾಲಿನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದರು. ಗಟ್ಟಿಯಾದ ಮೇಲೆ ಬೆನ್ನು ಕೊಯ್ದು ಮಣ್ಣು ತೆಗೆದು, ಒಳಗೆ ಕಟ್ಟಿಗೆಯ ಹಂದರ ಕೊಟ್ಟು ಮುಚ್ಚಿದರು. ಮೇಲೆ ಅದೇ ಹಾಲಿಗೆ ಕಟ್ಟಿಗೆ ಪುಡಿ ಕಲಸಿದ ಲೇಪ, ಕೊನೆಗೆ ಕೆಂಬಣ್ಣ. ಉರುಶಿ ಎಂಬ ಆ ಮರ ನಮ್ಮ ಕೇರಿನ ಮರದ ಬಳಗದ್ದೇ. ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಇನ್ನೊಂದು ಸೋಜಿಗ, ಅದು ಗಟ್ಟಿಯಾಗೋದಕ್ಕೆ ತೇವದ ಗಾಳಿ ಬೇಕು. ನಮ್ಮ ಕೊಪ್ಪಳದ ಬಿಸಿಲಿಗೆ ಅದು ಒಗ್ಗುವ ವಿದ್ಯೆಯೇ ಅಲ್ಲ!

1180ರ ಚಳಿಗಾಲದಲ್ಲಿ ತಾಯ್ರಾ ವಂಶದ ಸೈನ್ಯ ನಾರಾಕ್ಕೆ ಬೆಂಕಿ ಇಟ್ಟಿತು. ಪಕ್ಕದ ತೋದೈಜಿಯಲ್ಲಿ ಕಂಚಿನ ಮಹಾಬುದ್ಧನ ತಲೆಯೇ ಕರಗಿ ಬಿತ್ತು. ಕೋಫುಕುಜಿಯೂ ಸುಟ್ಟು ಬೂದಿ. ಆದರೆ ಅಶುರ ಉಳಿದ. ಆಳೆತ್ತರದ ಮೂರ್ತಿ, ತೂಕ ಸುಮಾರು 15 ಕಿಲೋ. ಹೊತ್ತು ಹೊರಗೆ ತರಲು ಬಂತು. 2009ರಲ್ಲಿ ಟೋಕಿಯೋದ ವಸ್ತುಸಂಗ್ರಹಾಲಯಕ್ಕೆ ಅವನು ಬಂದಾಗ ನೋಡಲು ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಮುಗಿಬಿದ್ದರು.

ನನ್ನ ಹೊಟ್ಟೆಕಿಚ್ಚು ಅದಕ್ಕಲ್ಲ. ಅಶುರನಿಗೆ ಬಣ್ಣ ಹಾಕಿದವನ ಹೆಸರು ಹತಾ ನೊ ಉಶಿಕಾಯ್ ಅಂತ ಅಂದಿನ ಲೆಕ್ಕಪತ್ರದಲ್ಲಿ ಉಳಿದಿದೆಯಲ್ಲ, ಅದಕ್ಕೆ. ಹಂಪಿ ವಿರೂಪಾಕ್ಷನ ರಂಗಮಂಟಪದ ಛತ್ತಿನ ಚಿತ್ರ ಬರೆದವರು ಕಿನ್ನಾಳದವರ ಹಿರಿಯರು ಎಂಬ ಮಾತಿದೆ. ಒಂದಾದರೂ ಹೆಸರು? ಇಲ್ಲ.

ನಮ್ಮಲ್ಲಿ ಊರದೇವಿ ದ್ಯಾಮವ್ವನೂ ಕಟ್ಟಿಗೆಯವಳೇ, ಜಾತ್ರೆಯಲ್ಲಿ ಹೊತ್ತು ಮೆರೆಸೋದು ಅವಳನ್ನೇ. ಜಾತ್ರೆಗೆ ಮೊದಲು ಆಕೆ ಬಣ್ಣಕ್ಕೆ ಹೋಗುತ್ತಾಳೆ, ಹೊಸಬಳಾಗಿ ಬರುತ್ತಾಳೆ. ನಾರಾದಲ್ಲಿ ಮಾಸಿದ ಕೆಂಪನ್ನು ಮುಟ್ಟಗೊಡುವುದಿಲ್ಲ. ನನ್ನ ಮತ ದ್ಯಾಮವ್ವನಿಗೆ. ಅಶುರ ಉಳಿದ, ಆದರೆ ಮರದ ಹಾಲು ತುಟ್ಟಿ ಅಂತ ಆ ಪದ್ಧತಿಯನ್ನು ಮುಂದೆ ಕೈಬಿಟ್ಟು, ಶಿಲ್ಪಿಗಳು ಮರ ಕೆತ್ತೋದಕ್ಕೆ ಹೊರಳಿದರು. ಕಿನ್ನಾಳದಲ್ಲಿ ದೇವಿ ಮತ್ತೆ ಮತ್ತೆ ಬರುವುದರಿಂದ ಕೈಗೆ ಕೆಲಸ ಇದೆ.

ಎಷ್ಟು ದಿನ? ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ, ಸಂತೋಷ. ಆದರೆ ಇದೇ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆಗಳ ದೊಡ್ಡ ಕೈಗಾರಿಕಾ ತಾಣವೇ ಎದ್ದಿದೆ. ಯಂತ್ರದ ಗೊಂಬೆಯ ಎದುರು ಕೈಗೊಂಬೆ ಬೆಲೆಯಲ್ಲಿ ಸೋಲುತ್ತದೆ. ಗಂಗಾವತಿಯವರು, ಕುಷ್ಟಗಿಯವರು, ಯಲಬುರ್ಗಾದವರು ಕೊಪ್ಪಳಕ್ಕೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಕಿನ್ನಾಳಕ್ಕೆ ಹೋಗಿ. ಒಂದು ಗರುಡನ ಗೊಂಬೆ ಕೊಳ್ಳಿ, ಚೌಕಾಸಿ ಮಾಡಬೇಡಿ. ಮಾಡಿದವರ ಹೆಸರು ಕೇಳಿ, ಅದರ ಪೀಠದ ತಳಕ್ಕೆ ಪೆನ್ಸಿಲಿನಲ್ಲಿ ಬರೆಸಿಕೊಂಡು ಬನ್ನಿ.