ನಾನು ಅಚ್ಚು ಹಾಕಿದ ನಕ್ಷೆಯಲ್ಲಿ ಕಾಲುವೆ ಇರಲಿಲ್ಲ!

(ನರಸಾಪುರದಲ್ಲಿ ನಡೆದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಟ್ರೆಡಲ್ ಮೆಷಿನ್ ಮುಂದೆ ನಿಂತವನು. ನಿಮ್ಮ ಕರಪತ್ರ, ಮದುವೆ ಕಾಗದ, ಜಾತ್ರೆಯ ಪೋಸ್ಟರು ಎಲ್ಲ ನನ್ನ ಕೈಮೇಲೆ ಹೋಗುತ್ತವೆ. ಇವತ್ತು ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಹೊಸ ಬಡಾವಣೆಯ ಬ್ರೋಷರ್ ನನ್ನ ಪ್ರೆಸ್ಸಿಗೆ ಬಂತು. ನಾಲ್ಕು ಬಣ್ಣ, ಆರ್ಟ್ ಪೇಪರು, ಎರಡು ಸಾವಿರ ಪ್ರತಿ. ಪ್ರೂಫ್ ನೋಡುವಾಗ ಕಣ್ಣಿಗೆ ಬಿತ್ತು. ನಾನು ಹುಡುಗನಾಗಿದ್ದಾಗ ಏಡಿ ಹಿಡಿಯುತ್ತಿದ್ದ ಕಾಲುವೆ ಆ ನಕ್ಷೆಯಲ್ಲಿ ಮೂವತ್ತಡಿ ರಸ್ತೆಯಾಗಿತ್ತು! ಒಂದು ಒತ್ತಕ್ಷರ ತಪ್ಪಿದರೂ ಗಿರಾಕಿಗೆ ಫೋನ್ ಮಾಡಿ ಕೇಳುವವನು ನಾನು. ಆವತ್ತು ಕೇಳಲಿಲ್ಲ. ಅಚ್ಚು ಹಾಕಿದೆ, ದುಡ್ಡು ಎಣಿಸಿಕೊಂಡೆ. ಆಮೇಲೆ ಒಂದು ಜೋರು ಮಳೆಗೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಆ ರಸ್ತೆಗೇ ಬಂತು. ಮನೆಯವರು ಮಂಚದ ಮೇಲೆ ಸ್ಟೌ ಇಟ್ಟುಕೊಂಡು ಕೂತಿದ್ದರು. ಕೆರೆಗೆ ಮಾತ್ರ ಆ ನೀರು ಹೋಗಲಿಲ್ಲ.

ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್, ಪಿನಾಕಿನಿ ಎಂದು ಹೆಸರು ಹೇಳಬಹುದು, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಬರೀ ಮರಳು. ಅದಕ್ಕೇ ಹಿರಿಯರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವ ಮೊದಲು ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ಒಂದರ ಕೋಡಿ ಹರಿದರೆ ಮುಂದಿನದಕ್ಕೆ ನೀರು, ಅದು ತುಂಬಿದರೆ ಅದರ ಮುಂದಿನದಕ್ಕೆ. ನಡುವೆ ಒಂದು ಕಾಲುವೆ ಮುಚ್ಚಿದರೆ ಕೆಳಗಿನ ಊರುಗಳೆಲ್ಲ ಒಣಗಿದ ಹಾಗೆ. ತೂಬು ಎತ್ತಿ ಗದ್ದೆಗೆ ನೀರು ಹಂಚಲು ನೀರಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಕಾಳು. ಹಳೇ ಕಾಲವೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ನೀರಗಂಟಿಗಳು ಬಹುತೇಕ ದಲಿತರು. ಊರಿಗೆಲ್ಲ ನೀರು ಹಂಚಿದವನಿಗೇ ಊರ ಬಾವಿಯಲ್ಲಿ ಸೇದುವ ಹಕ್ಕಿರಲಿಲ್ಲ! ಆ ಅನ್ಯಾಯ ಹೋಗಬೇಕಿತ್ತು. ಕೆಲಸ ಉಳಿಯಬೇಕಿತ್ತು. ಬೋರ್‌ವೆಲ್ ಬಂದ ಮೇಲೆ ಕೆಲಸವೂ ಹೋಯಿತು. ಕೊಡಲಿಯಿಂದ ತೂಬು ಕಡಿದರೂ ಕೇಳುವವರಿಲ್ಲ. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆದೆವು. ಸಿಕ್ಕಿದ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡು.

ಅಷ್ಟರಲ್ಲಿ ನರಸಾಪುರಕ್ಕೆ ಕೈಗಾರಿಕೆ ಬಂತು. 2013ರಲ್ಲಿ ದ್ವಿಚಕ್ರ ವಾಹನದ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವುದೂ ಬಂತು. ಕೆಲಸ ಬರಲಿ, ಬೇಡ ಎನ್ನುವವರು ಯಾರು? ಹೊಲಗಳು ಸೈಟಾದವು, ರೂಮುಗಳೆದ್ದವು, ಬೀದಿಗೆ ಟ್ಯಾಂಕರ್ ಬಂತು.

ಆಮೇಲೆ ಬಂತು ಬೆಂಗಳೂರಿನ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬುವ ಯೋಜನೆ. 126 ಕೆರೆ ಎಂದರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಕೆರೆಯಿಂದ ಕೆರೆಗೆ ಇಳಿದು ನಮ್ಮ ನರಸಾಪುರದ ಕೆರೆಗೂ ಬಂತು. ಬೆಂಗಳೂರಿನಲ್ಲಿ ಕೂತು ಇದನ್ನು ಓದುವ ಗೆಳೆಯನೇ, ನೀನು ಬಚ್ಚಲಿಗೆ ಬಿಟ್ಟ ನೀರೇ ಇದು! ಮುಂದಿನ ತಿಂಗಳೇ ನೊರೆ ಕಂಡಿತು, ಹೈಕೋರ್ಟು ತಡೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು, ಆ ತಡೆಯೂ ತೆರವಾಯಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದು ನಿಜ, ನಾನೇ ಕಂಡಿದ್ದೇನೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಹೋರಾಟಗಾರರು ಕೇಳುತ್ತಿರುವುದೂ ನ್ಯಾಯವೇ.

ನನ್ನ ಸಂಕಟ ಬೇರೆ. ಕೆರೆಯಲ್ಲಿ ನೀರು ಕಂಡ ಕೂಡಲೇ ನಾವು ಮಳೆಯನ್ನು ಮರೆತೆವು. ‘ಕೆರೆ ತುಂಬಿದೆಯಲ್ಲ, ಕಾಲುವೆ ಯಾಕೆ’ ಎಂದು ಕೇಳುವವರಿದ್ದಾರೆ. ಇದು ಪಂಪಿನ ನೀರು, ಕರೆಂಟಿನ ನೀರು. ಬೆಂಗಳೂರಿಗೇ ನಾಳೆ ಈ ನೀರು ಬೇಕಾದರೆ? ಮಳೆನೀರು ಬೆರೆತು ತಿಳಿಯಾಗಬೇಕಾದ ಕೆರೆಗೆ ಬರೀ ಕೊಳಚೆ ಸೋಸಿದ ನೀರೇ ಗತಿಯಾದರೆ?

ಲೆಕ್ಕ ಹಾಕಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿಯ ಮೇಲೆ 65 ಸಾವಿರ ಲೀಟರ್ ಬೀಳುತ್ತದೆ. ಸೋರಿದ್ದು, ಆರಿದ್ದು ಕಳೆದರೂ 50 ಸಾವಿರ, ಎಂದರೆ ಐದು ಸಾವಿರ ಲೀಟರಿನ ಹತ್ತು ಟ್ಯಾಂಕರ್! ಓನರ್ ಹತ್ತಿರ ಬಾಡಿಗೆ ಚೌಕಾಸಿ ಮಾಡುವಾಗ ಒಂದು ಇಂಗುಗುಂಡಿಯನ್ನೂ ಕೇಳಿ.

ಆದರೆ ತಾರಸಿಗಿಂತ ದೊಡ್ಡದು ಕಾಲುವೆ. ಗ್ರಾಮ ನಕಾಶೆ ಎಂಬುದೊಂದಿದೆ. ಭೂಮಾಪನ ಇಲಾಖೆಯಲ್ಲಿ ಶುಲ್ಕ ಕಟ್ಟಿದರೆ ಕೊಡುತ್ತಾರೆ, ಅದರಲ್ಲಿ ಹಳ್ಳ, ಕಾಲುವೆ, ಕೆರೆ ಎಲ್ಲ ಗೆರೆ ಎಳೆದಿದೆ. ಪಹಣಿಯಲ್ಲಿ ಬಿ ಖರಾಬು ಎಂದು ಬರೆದಿದ್ದರೆ ಅದು ಸಾರ್ವಜನಿಕರದ್ದು, ಮಾರುವ ಹಕ್ಕು ಯಾರಿಗೂ ಇಲ್ಲ. ಸೈಟು ಕೊಳ್ಳುವ ಮೊದಲು ಬ್ರೋಷರನ್ನೂ ನಕಾಶೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆರೆ ನೀರಿನ ಪರೀಕ್ಷೆಯ ವರದಿ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಲಿ ಎಂದು ಅರ್ಜಿ ಹಾಕಿ. ಮೀನು ಹಿಡಿಯುವವನಿಗೆ, ದನ ತೊಳೆಯುವ ಅಜ್ಜಿಗೆ ಅರ್ಥವಾಗದ ವರದಿ ಯಾರಿಗೆ?

ನರಸಾಪುರದ ನಕಾಶೆಯನ್ನು ದೊಡ್ಡದು ಮಾಡಿ, ಕಾಲುವೆಗೆ ನೀಲಿ ಬಣ್ಣ ಹಾಕಿ ಐನೂರು ಪ್ರತಿ ಅಚ್ಚು ಹಾಕಿದ್ದೇನೆ. ಕಾಸು ಬೇಡ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಏರಿ ಮೇಲೆ ಸೇರೋಣ. ನಕಾಶೆ ಹಿಡಿದು ಕಾಲುವೆಯುದ್ದಕ್ಕೂ ನಡೆಯೋಣ, ಎಲ್ಲಿ ಮುಚ್ಚಿದೆಯೋ ಅಲ್ಲಿ ಗುರುತು ಹಾಕೋಣ. ಮೊದಲ ಗುರುತು ಆ ಮೂವತ್ತಡಿ ರಸ್ತೆಗೆ. ಅದನ್ನು ನಾನೇ ಹಾಕುತ್ತೇನೆ.