ಬೆಕ್ಕಿನ ಮರಿಯ ಗಂಟಲಲ್ಲಿ ಸಿಕ್ಕಿದ್ದೇನು?



ಸುಗ್ಗಿ ಮುಗಿದು ರಾಗಿ, ಜೋಳ ಮನೆ ಸೇರಿದ ಮೇಲೆ ಇಲಿ ಕಾಯುವ ಆಳು ಬೆಕ್ಕು. ಸಂಬಳವಿಲ್ಲದ ಈ ಆಳಿನ ಆರೋಗ್ಯ ವಿಚಾರಿಸುವವರು ಕಡಿಮೆ. ಎಮ್ಮೆ ಮೇವು ಬಿಟ್ಟರೆ ಅಂದೇ ಆಸ್ಪತ್ರೆಗೆ ಓಡುವವರು, ಬೆಕ್ಕಿನ ಮರಿ ಮೂಲೆಯಲ್ಲಿ ಕುಳಿತು ಓಕರಿಸುತ್ತಿದ್ದರೆ 'ಕೂದಲು ಸಿಕ್ಕಿದೆ, ತಾನಾಗಿ ಕಕ್ಕುತ್ತದೆ' ಎಂದು ಸುಮ್ಮನಾಗುತ್ತಾರೆ. ದೊಡ್ಡ ಬೆಕ್ಕಿನ ಮಟ್ಟಿಗೆ ಈ ಮಾತು ಎಷ್ಟೋ ಸಲ ನಿಜ. ಮರಿಯ ಮಟ್ಟಿಗೆ ನಿಜವಾಗುವುದು ಅಪರೂಪ.

ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಗಡಸು ಮುಳ್ಳುಗಳಿವೆ. ಮೈ ನೆಕ್ಕಿದಾಗ ಉದುರುಗೂದಲು ಇವಕ್ಕೆ ಸಿಕ್ಕಿ ಹೊಟ್ಟೆ ಸೇರುತ್ತದೆ. ಬಹುಪಾಲು ಮಲದೊಡನೆ ಹೋಗುತ್ತದೆ. ಉಳಿದದ್ದು ಜಠರದಲ್ಲಿ ಹೆಣೆದುಕೊಂಡು ಉಂಡೆಯಾಗುತ್ತದೆ. ಅಂದರೆ ಉಂಡೆ ಇರುವುದು ಹೊಟ್ಟೆಯಲ್ಲಿ, ಗಂಟಲಲ್ಲಿ ಅಲ್ಲ. (ಒಂದನ್ನೊಂದು ನೆಕ್ಕುವ ಎಳೆಗರುಗಳ ಹೊಟ್ಟೆಯಲ್ಲಿಯೂ ಇಂಥ ಉಂಡೆಗಳಾಗುವುದುಂಟು.) ಎಳೆಯ ಮರಿ ದೊಡ್ಡ ಬೆಕ್ಕಿನಷ್ಟು ಮೈ ನೆಕ್ಕಿಕೊಳ್ಳುವುದಿಲ್ಲ, ನಮ್ಮ ನಾಟಿ ಬೆಕ್ಕಿನ ಕೂದಲೂ ಗಿಡ್ಡ.

ಹಾಗಾದರೆ ಮರಿಗೆ ಆಗಿರುವುದೇನು? ಮೊದಲ ಅನುಮಾನ ಜಂತುಹುಳುವಿನ ಮೇಲಿರಲಿ. ಇದು ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ. ಹೊಟ್ಟೆ ಡೊಳ್ಳು, ಮೈ ಬಡಕಲು. ಕೆಲವೊಮ್ಮೆ ವಾಂತಿಯಲ್ಲಿ ಶಾವಿಗೆಯಂಥ ಬಿಳಿ ಹುಳು. ಮರಿಗೆ ಮೂರು ವಾರವಾದಾಗಿನಿಂದಲೇ ಪಶುವೈದ್ಯರನ್ನು ಕೇಳಿ ಔಷಧಿ ಕೊಡಿಸಬಹುದು; ತಾಯಿಗೂ ಕೊಡಿಸಬೇಕು.

ಸೀನು, ಕಣ್ಣಿನಲ್ಲಿ ಪಿಸುರು, ನಾಲಿಗೆಯ ಮೇಲೆ ಹುಣ್ಣು ಕಂಡರೆ ಅದು ವೈರಾಣುವಿನಿಂದ ಬರುವ ಶೀತ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದು. ವಾಸನೆ ತಿಳಿಯದಿದ್ದರೆ ಅದು ಆಹಾರ ಮುಟ್ಟದು. ಎಳೆಯ ಮರಿ ಒಂದು ದಿನ ಉಪವಾಸ ಬಿದ್ದರೂ ಜೀವಕ್ಕೆ ಅಪಾಯ.

ಇನ್ನು ಹೊಲಿಗೆ ದಾರ. ಆಟವಾಡುತ್ತಾ ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಇನ್ನೊಂದು ಕರುಳಿಗೆ ಇಳಿದಿರುತ್ತದೆ. ಬಾಯಲ್ಲಿ ದಾರ ಕಂಡಿತೆಂದು ಎಳೆದರೆ ಕರುಳು ಕೊಯ್ದುಹೋದೀತು. ಎಳೆಯದೆ, ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ದನಕ್ಕೆ ಗೊಟ್ಟ ಹಾಕುವಂತೆ ಮರಿಯ ಬಾಯಿಗೆ ಎಣ್ಣೆ ಸುರಿಯುವ ಪದ್ಧತಿಯೂ ಉಂಟು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇಲ್ಲದ ಕಾಯಿಲೆ ಬಂದಂತೆ. ಜ್ವರಕ್ಕೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಡುವುದಂತೂ ಕೂಡದು. ಬೆಕ್ಕಿಗೆ ಅದು ವಿಷ.

ಕೊನೆಯದಾಗಿ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಬೆರಳು ಹಾಕಿ ನೋಡಬೇಡಿ. ಜೊಲ್ಲು ಸುರಿಯುವುದು, ನುಂಗಲಾಗದಿರುವುದು, ದನಿ ಬದಲಾಗುವುದು ಹುಚ್ಚುರೋಗದಲ್ಲಿಯೂ ಉಂಟು. ಅದು ನಾಯಿಗೆ ಮಾತ್ರ ಬರುವ ರೋಗವಲ್ಲ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕಳ ಸುತ್ತ 14 ಚುಚ್ಚುಮದ್ದಿನ ಕಾಲ ಮುಗಿದಿದೆ. ಈಗ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ.